ಗುರುವಾರದ ಓದು: ಐದಕ್ಕೆ ನಾಲ್ಕು, ಕಡಿತ ಬೀಗಕ್ಕೆ

ನಾನು ಇದುವರೆಗೆ ಬರೆದ ರಿವ್ಯೂ ಎರಡೇ. ಒಂದು ವೆಟ್ ಗ್ರೈಂಡರ್‌ಗೆ, ಇನ್ನೊಂದು ಮಂಡಿಗೆ ಹಾಕುವ ಬೆಲ್ಟ್‌ಗೆ. ಇದು ಮೂರನೆಯದು. ಗ್ರೈಂಡರ್ ಕೆಟ್ಟಿದೆ, ಬೆಲ್ಟ್ ಸಡಿಲವಾಗಿದೆ. ಇದು ಎರಡು ವರ್ಷದಿಂದ ನಡೀತಾ ಇದೆ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ವಿಷಯ ಇಷ್ಟು. ಶಿವಮೊಗ್ಗದ ಒಂದು ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಒಂದಷ್ಟು ಜನ ಕೂತು ಒಂದೇ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ನಡುವೆ ನಿಲ್ಲಿಸಿ ಮಾತಾಡುತ್ತೇವೆ. ಐದಕ್ಕೆ ಟೀ, ಐದೂವರೆಗೆ ಮನೆ. ಎಲ್ಲರೂ ರಿಟೈರ್ ಆದ ಗಂಡಸರೇ. ಈ ಕೂಟಕ್ಕೆ ಹೆಸರಿಲ್ಲ. ಗ್ರಂಥಾಲಯ ಯಾವುದು ಅಂತಲೂ ಬರೆಯುವುದಿಲ್ಲ, ಕಾರಣ ಕೆಳಗೆ ಗೊತ್ತಾಗುತ್ತೆ. ಬೈಗುಳ ಓದಿದವರು ಪಾಪದ ಅಟೆಂಡರ್‌ಗೆ ಮೆಮೊ ಕೊಟ್ಟುಬಿಟ್ಟರೆ ಕಷ್ಟ.

ನಾನು ಲೈನ್‌ಮನ್ ಆಗಿ ಸೇರಿ ಜೆಇ, ಅಂದರೆ ಜೂನಿಯರ್ ಎಂಜಿನಿಯರ್, ಆಗಿ ರಿಟೈರ್ ಆದವನು. 36 ವರ್ಷ ಸರ್ವೀಸು. ವಿದ್ಯುತ್ ಬೋರ್ಡ್ ಹೋಗಿ ನಿಗಮ ಬಂದು ಇಪ್ಪತ್ತೈದು ವರ್ಷ ದಾಟಿದರೂ ಜನ ನಮ್ಮನ್ನು ಈಗಲೂ ಕೆಇಬಿಯವರು ಅಂತಲೇ ಕರೆಯುತ್ತಾರೆ. ಮಲೆನಾಡಿನ ಸೆಕ್ಷನ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಜೂನ್‌ನಿಂದ ಆಗಸ್ಟ್‌ವರೆಗೆ ಫೋನ್ ತಲೆದಿಂಬಿನ ಪಕ್ಕದಲ್ಲೇ ಇರಬೇಕು. ಗಾಳಿ ಎದ್ದಿತು ಅಂದರೆ ಮುಗಿಯಿತು. ಮರ ಬಿತ್ತು, ತಂತಿ ಹರಿಯಿತು, ಟ್ರಾನ್ಸ್‌ಫಾರ್ಮರ್ ಸುಟ್ಟಿತು. ರಾತ್ರಿ ಎರಡಕ್ಕೂ ಫೋನು. ಬೈಯುತ್ತಲೇ ಎದ್ದು ಹೋಗುತ್ತಿದ್ದೆ.

ರಿಟೈರ್ ಆದ ಮೊದಲ ಮಳೆಗಾಲ. ಒಂದು ರಾತ್ರಿ ಗುಡುಗಿಗೆ ಎಚ್ಚರವಾಯಿತು. ಕರೆಂಟ್ ಹೋಗಿತ್ತು. ಎದ್ದು ಕೂತೆ, ಫೋನ್ ಕೈಯಲ್ಲಿ ಹಿಡಿದುಕೊಂಡೆ. ಬರಲಿಲ್ಲ. ಒಂದು ಗಂಟೆ ಹಾಗೇ ಕೂತಿದ್ದೆ. ಆಮೇಲೆ ಹೆಂಡತಿ, "ಮಲಗ್ರೀ, ನಿಮ್ಮನ್ನ ಯಾರು ಕರೀತಾರೆ ಈಗ" ಅಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಆ ಮಾತು ತಿಂಗಳುಗಟ್ಟಲೆ ಚುಚ್ಚಿತು.

ಆಮೇಲೆ ನಾನು ಮನೆಗೇ ಜೆಇ ಆದೆ. ಫ್ಯಾನ್ ಯಾಕೆ ಹಾಕಿದೆ, ಗ್ಯಾಸ್ ಯಾಕೆ ಇಷ್ಟು ಜೋರು, ಗೀಸರ್ ಸ್ವಿಚ್ ಯಾರು ಆಫ್ ಮಾಡಲಿಲ್ಲ. ಪೇಪರನ್ನು ಬೆಳಗ್ಗೆ ಒಂದು ಸಲ, ಊಟ ಆದ ಮೇಲೆ ಇನ್ನೊಂದು ಸಲ ಓದುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ. ಡಾಕ್ಟರು ಬಿಪಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ಏನೂ ಇಲ್ಲ, ವಾಕಿಂಗ್ ಮಾಡಿ" ಅಂದರು. ವಾಕಿಂಗ್ ಮಾಡಿದೆ. ಪಾರ್ಕ್‌ನಲ್ಲಿ ನನ್ನ ಹಾಗೇ ಸುತ್ತು ಹಾಕುವ ಗಂಡಸರು ಹತ್ತಾರು ಮಂದಿ. ಮಾತು ಮಾತ್ರ ಮೂರೇ: ಶುಗರ್ ಎಷ್ಟು, ಡಿಎ ಎಷ್ಟು ಬಂತು, ಮಗ ಎಲ್ಲಿದ್ದಾನೆ. ಎರಡನೇ ಸುತ್ತಿಗೆ ಅದೂ ಮುಗಿಯುತ್ತಿತ್ತು. ಅಲ್ಲೇ ಒಬ್ಬ ರಿಟೈರ್ಡ್ ಕನ್ನಡ ಲೆಕ್ಚರರ್, ಈಗ ನಮ್ಮೆಲ್ಲರ ಮೇಷ್ಟ್ರು, ಒಂದು ದಿನ, "ಗುರುವಾರ ಬನ್ನಿ, ಸುಮ್ನೆ ಕೂತ್ಕೊಳ್ಳಿ" ಅಂದರು. ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಟೆಂಡರ್ ಫಾರಂ ಬಿಟ್ಟು ಬೇರೇನೂ ಗಮನ ಕೊಟ್ಟು ಓದಿದವನಲ್ಲ. ಹೆಂಡತಿ, "ಹೋಗಿ ಬನ್ನಿ, ನನಗೂ ಎರಡು ಗಂಟೆ ಬಿಡುವು ಸಿಗುತ್ತೆ" ಅಂತ ಛತ್ರಿ ಕೈಗೆ ಕೊಟ್ಟಳು.

ಇಲ್ಲಿಯ ಪದ್ಧತಿ ನನಗೆ ಹಿಡಿಸಲು ಕಾರಣ, ಮನೆಯಲ್ಲಿ ಓದಿಕೊಂಡು ಬರಬೇಕಾಗಿಲ್ಲ. ಅಲ್ಲೇ ಓದು, ಅಲ್ಲೇ ಮಾತು. ಓದಲು ಇಷ್ಟವಿಲ್ಲದವರು ಕೇಳಿದರೆ ಸಾಕು. ಯಾರನ್ನೂ, "ನೀವೇನಂತೀರಿ" ಅಂತ ತಿವಿಯುವುದಿಲ್ಲ. ಮೇಷ್ಟ್ರು ಮಗಳ ಮನೆಗೆ ಅಂತ ಆರು ತಿಂಗಳು ಇಂಗ್ಲೆಂಡಿಗೆ ಹೋಗಿದ್ದಾಗ ಅಲ್ಲಿಯ ಲೈಬ್ರರಿಯಲ್ಲಿ ಇಂಥ ಗುಂಪು ನೋಡಿದರಂತೆ. ಲಿವರ್‌ಪೂಲ್‌ನ 'ದ ರೀಡರ್' ಅನ್ನುವ ಸಂಸ್ಥೆ ಇದನ್ನು ಅಲ್ಲಿ ಊರೂರಲ್ಲಿ ಮಾಡಿಸುತ್ತದೆ, ಜೈಲಲ್ಲೂ ಮಾಡಿಸುತ್ತದೆ. ಮೇಷ್ಟ್ರು ಇದನ್ನು ಹೇಳಿದ ದಿನ ನಮ್ಮ ಕಂಡಕ್ಟರ್ ಸಾಹೇಬರು ಕೇಳಿದರು: "ಅದನ್ನ ಇಂಗ್ಲೆಂಡಿಂದ ತರಬೇಕಿತ್ತಾ ಸಾರ್? ನಮ್ಮಜ್ಜನ ಮನೇಲಿ ಜೈಮಿನಿ ಭಾರತ ಓದ್ತಿದ್ರಲ್ಲ?"

ಅವರು ಹೇಳಿದ್ದೂ ಸರಿಯೇ. ಇಲ್ಲಿಂದ ತುಂಗೆಯ ದಂಡೆ ಹಿಡಿದು ಸ್ವಲ್ಪ ದೂರ ಹೋದರೆ ಹೊಸಹಳ್ಳಿ, ಗಮಕದ ಊರು. 2022ರಲ್ಲಿ ಪದ್ಮಶ್ರೀ ಬಂದ ಎಚ್.ಆರ್. ಕೇಶವಮೂರ್ತಿಗಳು ಅಲ್ಲಿಯವರೇ. ಗಮಕದಲ್ಲೂ ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ನಿಲ್ಲಿಸಿ ಅರ್ಥ ಹೇಳುತ್ತಾರೆ, ಊರವರು ಕಂಬಕ್ಕೆ ಒರಗಿ ಕೇಳುತ್ತಾರೆ. ವ್ಯತ್ಯಾಸ ಒಂದೇ. ಅಲ್ಲಿ ಅರ್ಥ ಹೇಳುವವರು ಪಂಡಿತರು, ಇಲ್ಲಿ ಯಾರು ಬೇಕಾದರೂ ತಪ್ಪು ಅರ್ಥ ಹೇಳಬಹುದು. ನಾನು ಆ ಸ್ವಾತಂತ್ರ್ಯ ಧಾರಾಳವಾಗಿ ಬಳಸಿಕೊಂಡಿದ್ದೇನೆ.

ಅಂದಹಾಗೆ, ಕಂಡಕ್ಟರ್ ಸಾಹೇಬರು ಓದುವುದನ್ನು ಕೇಳಬೇಕು. ಮೂವತ್ತು ವರ್ಷ ಸ್ಟಾಪ್ ಕೂಗಿದ ಗಂಟಲು. ಮೈಕ್ ಬೇಡ. ಪ್ಯಾರಾ ಮುಗಿದಾಗ ಒಂದು ಕ್ಷಣ ತಲೆ ಎತ್ತಿ ಎಲ್ಲರನ್ನೂ ನೋಡುತ್ತಾರೆ, ಇಳಿಯುವವರು ಯಾರಾದರೂ ಇದ್ದಾರಾ ಅನ್ನುವ ಹಾಗೆ. ಮೊದಮೊದಲು, "ನಾನು ಓದಿದ್ದು ಕಮ್ಮಿ" ಅಂತ ಹಿಂದೆ ಕೂರುತ್ತಿದ್ದರು. ಈಗ ಅವರು ಬಾರದ ದಿನ ಓದು ಸಪ್ಪೆ.

ಇಲ್ಲಿ ನಿಜವಾಗಿ ಏನಾಗುತ್ತದೆ ಅನ್ನುವುದಕ್ಕೆ ಒಂದು ಗುರುವಾರದ ಕಥೆ ಹೇಳುತ್ತೇನೆ.

ಆವತ್ತು ಮಾಸ್ತಿಯವರ 'ಮೊಸರಿನ ಮಂಗಮ್ಮ'. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತಂದು ಮಾರುವ ಹೆಂಗಸು. ಮೊಮ್ಮಗನನ್ನು ಸೊಸೆ ಹೊಡೆದಳು ಅಂತ ಜಗಳವಾಗುತ್ತೆ, ಮಗ ಹೆಂಡತಿ ಕಡೆ ನಿಲ್ಲುತ್ತಾನೆ, ಇವಳು ಬೇರೆ ಒಲೆ ಹೂಡುತ್ತಾಳೆ. ಕೈಗೆ ಬಂದ ದುಡ್ಡು ಇನ್ನು ಯಾರಿಗೆ ಅಂತ ತನಗೇ ಒಂದು ಮಖಮಲ್ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಅಲ್ಲಿಗೆ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು. "ಈ ವಯಸ್ಸಲ್ಲಿ ಇವಳಿಗೆ ಮಖಮಲ್ ಯಾಕೆ ಬೇಕಿತ್ತು?"

ಬ್ಯಾಂಕಿನಲ್ಲಿದ್ದ ರಾಯರು, "ದುಂದು" ಅಂದರು. ಇನ್ನೊಬ್ಬರು, "ಸೊಸೆ ಹೊಟ್ಟೆ ಉರಿಸೋಕೆ" ಅಂದರು. ನಾನೂ ಏನೋ ಒಂದು ಅಂದೆ.

ನಮ್ಮಲ್ಲಿ ಒಬ್ಬ ಪೋಸ್ಟ್ ಮಾಸ್ಟರ್ ಇದ್ದಾರೆ. ಬಾಗಿಲ ಪಕ್ಕದ ಕುರ್ಚಿ ಅವರದು. ಐದು ತಿಂಗಳಿಂದ ಬರುತ್ತಿದ್ದರು, ನಮಸ್ಕಾರ ಬಿಟ್ಟರೆ ಮಾತಿಲ್ಲ. ಅವರು ಇದ್ದಕ್ಕಿದ್ದ ಹಾಗೆ, "ನಾನೂ ಒಂದು ವಾಚು ತಗೊಂಡೆ" ಅಂದರು.

ಎಲ್ಲರೂ ತಿರುಗಿದೆವು.

"ಮನೇಲಿ ಹೇಳಿಲ್ಲ. ಇಲ್ಲಿಗೆ ಬರುವಾಗ ಮಾತ್ರ ಕಟ್ಕೋತೀನಿ. ಗೇಟ್ ಹತ್ರ ಬಿಚ್ಚಿ ಜೇಬಿಗೆ ಹಾಕ್ಕೋತೀನಿ."

ಅಂಗಿಯ ತೋಳು ಸ್ವಲ್ಪ ಮೇಲೆ ಸರಿಸಿ ತೋರಿಸಿದರು. ಸಾಧಾರಣ ವಾಚು, ಕಪ್ಪು ಪಟ್ಟಿ. ಆಮೇಲೆ ಒಂದೊಂದಾಗಿ ಬಂತು. ಹೆಂಡತಿ ತೀರಿಕೊಂಡು ಎರಡು ವರ್ಷ. ಮಗನ ಮನೆಯಲ್ಲಿ ಇದ್ದಾರೆ. ಮಗ ಕೆಟ್ಟವನಲ್ಲ, ಸೊಸೆಯೂ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆ. ಆದರೆ ಎಟಿಎಂ ಕಾರ್ಡ್ ಮಗನ ಹತ್ತಿರ. "ನಿಮಗ್ಯಾಕೆ ಅಪ್ಪಾ ತಾಪತ್ರಯ" ಅಂತ ಪ್ರೀತಿಯಿಂದಲೇ ತೆಗೆದುಕೊಂಡಿದ್ದ. ತಿಂಗಳಿಗೆ ಸಾವಿರ ರೂಪಾಯಿ ಕೈಗೆ ಕೊಡುತ್ತಾನೆ. ಅದರಲ್ಲೇ ಉಳಿಸಿ ವಾಚು.

ಅವತ್ತು ಕಥೆ ಮುಂದೆ ಹೋಗಲಿಲ್ಲ. ಯಾರ ಮನೆಯಲ್ಲಿ ಕಾರ್ಡ್ ಯಾರ ಹತ್ತಿರ, ಪಿನ್ ಯಾರಿಗೆ ಗೊತ್ತು, ಮೆಸೇಜ್ ಯಾರ ಫೋನಿಗೆ ಬರುತ್ತೆ ಅನ್ನುವುದರಲ್ಲೇ ಟೀ ಆರಿಹೋಯಿತು. ದುಂದು ಅಂದ ರಾಯರೇ ಕೊನೆಗೆ ಪೋಸ್ಟ್ ಮಾಸ್ಟರ್ ಪಕ್ಕ ಕೂತು, ಕಾರ್ಡ್ ವಾಪಸ್ ಕೇಳಿದರೆ ಮನಸ್ತಾಪ ಆಗಬಹುದು, ಬೇರೆ ಸಣ್ಣ ಖಾತೆ ತೆಗೆದು ಅದಕ್ಕೆ ಇಷ್ಟು ಅಂತ ಹಾಕಿಸಿಕೊಳ್ಳುವುದು ಹೇಗೆ ಅಂತ ವಿವರಿಸಿದರು. ಪಾರ್ಕ್‌ನಲ್ಲಿ ನಾವು ಐದು ವರ್ಷ ಸುತ್ತು ಹಾಕಿದ್ದರೂ ಈ ಮಾತು ಬರುತ್ತಿರಲಿಲ್ಲ. "ಮನೇಲಿ ಹೇಗಿದೆ" ಅಂತ ಕೇಳಿದರೆ ನಮ್ಮಂಥವರು "ಆರಾಮ್" ಅಂತೀವಿ, ಅಲ್ವಾ? ಮಂಗಮ್ಮನ ಮನೆ ಹೇಗಿದೆ ಅಂತ ಕೇಳಿದರೆ ಮಾತ್ರ ಬಾಯಿ ಬಿಡುತ್ತೇವೆ.

ಇನ್ನೊಂದು ಮಜಾ. ಮಾಸ್ತಿಯವರೂ ಸರ್ಕಾರಿ ನೌಕರರಾಗಿದ್ದವರು, 1943ರಲ್ಲಿ ರಾಜೀನಾಮೆ ಕೊಟ್ಟರು ಅಂತ ಮೇಷ್ಟ್ರು ಹೇಳಿದ್ದೇ ತಡ, ಎಲ್ಲರೂ ಬೆರಳು ಮಡಚಿ ಲೆಕ್ಕಕ್ಕೆ ಶುರು. 1891ರಲ್ಲಿ ಹುಟ್ಟಿದವರು, 1986ರವರೆಗೆ ಇದ್ದರು. ಅಂದರೆ ಕೆಲಸ ಬಿಟ್ಟ ಮೇಲೆ ನಲವತ್ತಮೂರು ವರ್ಷ! ಜ್ಞಾನಪೀಠ ಬಂದಾಗ ತೊಂಬತ್ತು ದಾಟಿತ್ತು. ಸರ್ವೀಸಿಗಿಂತ ಜಾಸ್ತಿ ಕಾಲ ಸರ್ವೀಸಿನ ಹೊರಗೇ ಇದ್ದರು. ಕಂಡಕ್ಟರ್ ಸಾಹೇಬರು ಗಾಬರಿಯಾದರು: "ನಲವತ್ತು ವರ್ಷ ಏನ್ ಮಾಡೋದು ಸಾರ್ ನಾವು?"

ಈಗ ದೂರುಗಳು.

ಮೊದಲನೆಯದು ಕಗ್ಗ. ಡಿವಿಜಿಯವರ ಬಗ್ಗೆ ನನಗೆ ಅಪಾರ ಗೌರವ. 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯ. ಆದರೆ ರಿಟೈರ್ ಆದ ಹತ್ತು ಗಂಡಸರ ನಡುವೆ ಒಂದು ಕಗ್ಗ ಓದಿ ನೋಡಿ, ಹತ್ತೂ ಜನ ಗುರುಗಳಾಗಿಬಿಡುತ್ತಾರೆ. ಮೂರು ತಿಂಗಳು ವಾರಕ್ಕೆ ಎರಡು ಪದ್ಯ ಅಂತ ಮಾಡಿದ್ದೆವು. ಪ್ರತಿಯೊಬ್ಬರೂ ಉಳಿದವರಿಗೆ ಹೇಗೆ ಬದುಕಬೇಕು ಅಂತ ಹೇಳಿಕೊಟ್ಟರು. ಯಾರೂ ವಾಚಿನ ವಿಷಯ ಹೇಳಲಿಲ್ಲ. ನನ್ನ ಅನುಭವದಲ್ಲಿ ಇಂಥ ಕೂಟಕ್ಕೆ ಕಥೆಯೇ ಸರಿ. ಕಥೆಯಲ್ಲಿ ಜನ ತಪ್ಪು ಮಾಡುತ್ತಾರೆ, ಆಗ ನಮ್ಮ ತಪ್ಪು ಹೇಳಲು ಸಲೀಸು. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ. ಕಗ್ಗ ವಾಪಸ್ ತರುವ ಹುನ್ನಾರ ಇದೆ, ಎಚ್ಚರದಿಂದಿದ್ದೇನೆ.

ಎರಡನೆಯದು ಬೀಗ. ಮಹಡಿಯಲ್ಲಿ ಶೌಚಾಲಯ ಇದೆ. ಸದಾ ಬೀಗ. ಕೀ ಕೆಳಗೆ ಅಟೆಂಡರ್ ಹತ್ತಿರ. ಅಟೆಂಡರ್ ನಾಲ್ಕೂವರೆಗೆ ಟೀಗೆ ಹೋಗುತ್ತಾನೆ. ಅರವತ್ತು ದಾಟಿದ ಗಂಡಸರಲ್ಲಿ ಅರ್ಧ ಜನಕ್ಕೆ ಪ್ರಾಸ್ಟೇಟ್, ಉಳಿದವರಿಗೆ ಶುಗರ್. ಒಂದೂವರೆ ಗಂಟೆ ತಡೆಯುವುದು ಅಂದರೆ ತಮಾಷೆಯಲ್ಲ. ಒಬ್ಬರು ಇದೇ ಕಾರಣಕ್ಕೆ ಬರುವುದು ಬಿಟ್ಟರು. ಆದರೆ ಹೇಳಿದ್ದು "ಸೊಂಟ ನೋವು" ಅಂತ. ಮನೆ ಕಂದಾಯದ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಒಂದು ಕೀ ಕೊಡಬಾರದೇ? ಮೂರು ಅರ್ಜಿ ಕೊಟ್ಟಾಗಿದೆ. ನಾನೂ ಸರ್ಕಾರಿ ಕೆಲಸದಲ್ಲಿದ್ದವನು, ಅರ್ಜಿ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತು.

ಮೆಟ್ಟಿಲು ಹದಿನೆಂಟು, ಒಂದು ಕಡೆ ಮಾತ್ರ ರೇಲಿಂಗ್. ಫ್ಯಾನ್ ಹಳೆಯದು, ಕಿವಿ ಮೆಷಿನ್ ಹಾಕಿದವರಿಗೆ ಅದರ ಗೊರಗೊರ ಬಿಟ್ಟು ಬೇರೇನೂ ಕೇಳುವುದಿಲ್ಲ. ಅದಕ್ಕೆ ನಾನೇ ಹೊಸ ಕೆಪಾಸಿಟರ್ ಹಾಕಿದೆ, ಬೇರಿಂಗಿಗೆ ಎಣ್ಣೆ ಬಿಟ್ಟೆ. ಈಗ ಪರವಾಗಿಲ್ಲ. ಜೆರಾಕ್ಸ್ ಅಂಗಡಿಯವನು ಪುಟಗಳನ್ನು ದೊಡ್ಡದು ಮಾಡಿ ಕೊಡುತ್ತಾನೆ, ಪೊರೆ ಬಂದ ಕಣ್ಣಿಗೂ ಕಾಣುವಷ್ಟು. ಟೀ ಎರಡು ಫ್ಲಾಸ್ಕ್, ಸಕ್ಕರೆ ಇಲ್ಲದ್ದಕ್ಕೆ ಕೆಂಪು ದಾರ ಕಟ್ಟಿರುತ್ತದೆ. ದಾರ ಇಲ್ಲದ ಫ್ಲಾಸ್ಕಿಗೆ ಯಾರ್ಯಾರು ಕೈ ಹಾಕುತ್ತಾರೆ ಅಂತ ಅವರ ಮನೆಯವರು ಕೇಳಿದರೆ ನಾನು ಹೇಳುವವನಲ್ಲ. ತಿಂಗಳಿಗೆ ಐವತ್ತು ರೂಪಾಯಿ. ನಿಪ್ಪಟ್ಟು ಸರದಿಯ ಪ್ರಕಾರ ಅವರವರ ಮನೆಯಿಂದ.

ರಿಜಿಸ್ಟರ್‌ನಲ್ಲಿ ಇಪ್ಪತ್ತೆರಡು ಹೆಸರು. ಬರುವವರು ಒಂಬತ್ತರಿಂದ ಹನ್ನೆರಡು. ಹಿಡಿದುಕೊಂಡ ಮಳೆಯಲ್ಲಿ ಐದು. ನವೆಂಬರ್ ಮೊದಲ ವಾರ ಯಾರೂ ಇಲ್ಲ, ಎಲ್ಲರೂ ಬ್ಯಾಂಕಿಗೆ ಹೋಗಿ ಬದುಕಿದ್ದೇವೆ ಅಂತ ಜೀವನ ಪ್ರಮಾಣ ಪತ್ರ ಕೊಡಬೇಕಲ್ಲ. ವಾಟ್ಸಾಪ್ ಗುಂಪಿನಲ್ಲಿ "ಇದೆ" ಅಥವಾ "ಇಲ್ಲ", ಇವೆರಡೇ ಮೆಸೇಜ್. ಫಾರ್ವರ್ಡ್ ಇಲ್ಲ, ರಾಜಕೀಯ ಇಲ್ಲ. ಒಂದು ಚುನಾವಣೆ ಸಮಯದಲ್ಲಿ ಇಬ್ಬರು ಕುರ್ಚಿ ಒದ್ದು ಹೋದ ಮೇಲೆ ಬಂದ ನಿಯಮ ಇದು.

ಮೂರನೆಯ ದೂರು ನಮ್ಮ ಮೇಲೆಯೇ. ಹೆಂಗಸರು ಬರಬಾರದು ಅಂತ ನಿಯಮವೇನಿಲ್ಲ. ಇಬ್ಬರು ರಿಟೈರ್ಡ್ ಟೀಚರ್ ಬಂದಿದ್ದರು. ಅವರು ಒಂದು ಮಾತು ಶುರು ಮಾಡಿದರೆ ನಾವು ಅದನ್ನು ಕಿತ್ತುಕೊಂಡು ಮುಗಿಸುತ್ತಿದ್ದೆವು. ನಾಲ್ಕನೇ ವಾರ ಬರಲಿಲ್ಲ. ಇನ್ನೊಂದು, ನಾವೆಲ್ಲ ಪೆನ್ಷನ್‌ನವರು. ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತವನಿಗೆ ರಿಟೈರ್‌ಮೆಂಟ್ ಆರ್ಡರ್ ಯಾರು ಕೊಡುತ್ತಾರೆ? ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ 1,200 ರೂಪಾಯಿಯಲ್ಲಿ ದಿನ ದೂಡುವವನು ಗುರುವಾರ ನಾಲ್ಕಕ್ಕೆ ಎಲ್ಲೋ ವಾಚ್‌ಮನ್ ಆಗಿ ನಿಂತಿರುತ್ತಾನೆ. ಅವನಿಗೆ ಈ ಸಮಯ ಹೊಂದುವುದೇ ಇಲ್ಲ. ಭಾನುವಾರಕ್ಕೆ ಬದಲಾಯಿಸೋಣ ಅಂದೆ. ಭಾನುವಾರ ಮೊಮ್ಮಕ್ಕಳು ಬರುತ್ತಾರೆ ಅಂತ ತಳ್ಳಿಹಾಕಿದರು.

ಇದು ಔಷಧಿ ಅಂತ ಯಾರಿಗೂ ಹೇಳಬೇಡಿ. ನಮ್ಮಲ್ಲೇ ಒಬ್ಬರು ದಿನೇ ದಿನೇ ಇಳಿದುಹೋದರು. ಊಟ ಸೇರುತ್ತಿರಲಿಲ್ಲ, "ಯಾಕಾದ್ರೂ ಬೆಳಗಾಗುತ್ತೋ" ಅಂತ ಮೆಲ್ಲಗೆ ಅನ್ನುತ್ತಿದ್ದರು. ಕಥೆ ಓದಿದರೆ ಸರಿಹೋಗುತ್ತಾರೆ ಅಂತ ನಾವು ಎರಡು ತಿಂಗಳು ಸುಮ್ಮನಿದ್ದದ್ದು ನಮ್ಮ ತಪ್ಪು. ಆಮೇಲೆ ಮೇಷ್ಟ್ರು ಅವರ ಎದುರೇ ಟೆಲಿಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದರು. 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಫೋನಿನಲ್ಲಿದ್ದವರು ಮನೋವೈದ್ಯರನ್ನು ಕಾಣಲು ಹೇಳಿದರು. ಈಗ ಇವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮುಖ ತಿಳಿಯಾಗಿದೆ. ಆ ಕೀರ್ತಿ ಡಾಕ್ಟರಿಗೇ ಹೋಗಬೇಕು. ನಾವು ಮಾಡಿದ್ದು ಇಷ್ಟೇ: ಗುರುವಾರ ಅವರು ಬಾರದಿದ್ದರೆ ಒಬ್ಬರು ಮನೆಗೆ ಹೋಗಿ ಬರುತ್ತೇವೆ. ಆ ನಂಬರನ್ನು ಈಗ ಗೋಡೆಗೆ ಅಂಟಿಸಿದ್ದೇವೆ, ಹಿರಿಯರ ಸಹಾಯವಾಣಿ 14567 ಕೂಡ ಪಕ್ಕದಲ್ಲೇ.

ನನಗೇನು ಸಿಕ್ಕಿತು ಅಂತ ಹೆಂಡತಿ ಕೇಳಿದಾಗ ಉತ್ತರ ಬರಲಿಲ್ಲ. ನಿದ್ದೆ ಮೊದಲಿಗಿಂತ ಮೇಲು, ಗೀಸರ್ ಸ್ವಿಚ್ ಬಗ್ಗೆ ಮಾತು ಕಮ್ಮಿ ಅಂತ ಅವಳೇ ಹೇಳಿದಳು. ನನಗೆ ನೆನಪಾಗುವುದು ಕಳೆದ ಜುಲೈನ ಒಂದು ಸಂಜೆ. ಓದು ಅರ್ಧಕ್ಕೆ ಬಂದಿತ್ತು. ಗಾಳಿ ಎದ್ದಿತು, ಎಲ್ಲೋ ಪಟ್ ಅಂತ ಶಬ್ದ, ಕರೆಂಟ್ ಹೋಯಿತು. ಕತ್ತಲಲ್ಲಿ ಹತ್ತು ತಲೆಗಳು ನನ್ನ ಕಡೆ ತಿರುಗಿದವು.

"ಏನ್ಸಾರ್, ಎಷ್ಟೊತ್ತಿಗೆ ಬರುತ್ತೆ?"

ಎದ್ದು ಕಿಟಕಿ ಹತ್ತಿರ ಹೋದೆ. ಎದುರಿನ ಬೇಕರಿಯಲ್ಲಿ ಇಲ್ಲ, ಆಚೆ ಬೀದಿಯಲ್ಲಿ ಇದೆ. "ಫೀಡರ್ ಅಲ್ಲ. ಇಲ್ಲೇ ಕಂಬದ ಜಂಪ್ ತಂತಿ ಕಟ್ ಆಗಿರಬೇಕು. ಹುಡುಗರು ಎಲ್‌ಸಿ ತಗೊಂಡು, ಅಂದ್ರೆ ಲೈನ್ ಆಫ್ ಮಾಡಿಸ್ಕೊಂಡು, ಕಂಬ ಹತ್ತಬೇಕು. ಇಪ್ಪತ್ತು ನಿಮಿಷ" ಅಂದೆ. ಎಲ್ಲರೂ ಸಮಾಧಾನವಾಗಿ ಕೂತರು. ಪೋಸ್ಟ್ ಮಾಸ್ಟರ್ ಮೊಬೈಲ್ ಟಾರ್ಚ್ ಹಿಡಿದರು, ಕಂಡಕ್ಟರ್ ಸಾಹೇಬರು ಬಿಟ್ಟಲ್ಲಿಂದ ಓದಿದರು. ಕರೆಂಟ್ ಬಂದದ್ದು ಒಂದು ಗಂಟೆ ಹತ್ತು ನಿಮಿಷ ಆದ ಮೇಲೆ. ಯಾರೂ ಏನೂ ಅನ್ನಲಿಲ್ಲ. ಪೋಸ್ಟ್ ಮಾಸ್ಟರ್ ಮಾತ್ರ ತಮ್ಮ ವಾಚನ್ನು ನನ್ನ ಮುಖದ ಹತ್ತಿರ ತಂದು ಹಿಡಿದರು.

ಮುಂದಿನ ತಿಂಗಳಿಂದ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಕಾದಂಬರಿ, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಕಥೆ. ಇಲ್ಲಿ ಅರ್ಧ ಜನ ಕಾಡಿನ ಅಂಚಿನಲ್ಲೇ ಬೆಳೆದವರು, ಹಾಗಾಗಿ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತೆ ಅಂತ ನನ್ನ ಅಂದಾಜು. ಬರುವವರು ಓದುವ ಕನ್ನಡಕ ತನ್ನಿ. ಮೆಟ್ಟಿಲಲ್ಲಿ ಎಡಗಡೆ ಹಿಡಿದುಕೊಳ್ಳಿ, ಬಲಗಡೆ ರೇಲಿಂಗ್ ಇಲ್ಲ. ಮತ್ತೆ, ಮನೆಯಲ್ಲೇ ಒಂದಕ್ಕೆ ಹೋಗಿ ಬನ್ನಿ.